ಜೆಟ್ ಮಾಫಿ

ಬೇಸಿಗೆ ಬಂತೆಂದರೆ ಅರಬ್ ನಾಡಿನ ದೇರಾದ ನಮ್ಮ ಓಣಿ ಅರ್ಧ ಖಾಲಿಯಾಗುತ್ತಿದ್ದ ಕಾಲವದು. ಶಾಲೆಗೆ ರಜೆ ಬಿದ್ದ ಕೂಡಲೇ ಜನ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ಊರಿಗೆ ಹೊರಡುತ್ತಿದ್ದರು. ನಾವು ಹೋಗುತ್ತಿರಲಿಲ್ಲ. ಅಪ್ಪ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುವವರ ಮೇಸ್ತ್ರಿ. ಅದೇ ಕಟ್ಟಡದ ಮೂರನೇ ಮಹಡಿಯ ಒಂದು ಕೋಣೆಯಲ್ಲಿ ಅಪ್ಪ, ಅವ್ವ, ಅಣ್ಣ ಮತ್ತು ನಾನು. ಕಿಟಕಿ ತೆರೆದರೆ ಕೆಳಗಿನಿಂದ ಬಿಸಿ ಬಟ್ಟೆಯ ವಾಸನೆ, ಒಳಗೆ ಅವ್ವ ಗದಗಿನಿಂದ ತಂದ ಶೇಂಗಾ ಚಟ್ನಿಯ ವಾಸನೆ.

ನಾವು ಹೊಸದಾಗಿ ಬಂದಾಗ ಅವ್ವ ಕಿರಾಣಿ ಅಂಗಡಿಯಲ್ಲಿ ಕೊತ್ತಂಬರಿ ಕೇಳಿದಳು. ಅಂಗಡಿಯವನು ಕೈಯಾಡಿಸಿ "ಮಾಫಿ" ಅಂದ. ಅವ್ವ ಮನೆಗೆ ಬಂದು, "ಏನು ಮರ್ಯಾದಸ್ಥ ಮನಷ್ಯಾ. ಕೊತ್ತಂಬರಿ ಇಲ್ಲಂತ ಮಾಫಿ ಕೇಳಿದ ನೋಡ್ರಿ" ಅಂದಳು. ಮಾಫಿ ಅಂದರೆ ಗದಗಿನಲ್ಲಿ ಕ್ಷಮೆ, ಇಲ್ಲಿನವರ ಮಾತಿನಲ್ಲಿ 'ಇಲ್ಲ' ಎಂದು ಅಪ್ಪ ತಿಳಿಸಿ ಹೇಳುವಷ್ಟರಲ್ಲಿ ಅಣ್ಣ ನೆಲದ ಮೇಲೆ ಉರುಳಾಡಿ ನಗುತ್ತಿದ್ದ. ಅಂದಿನಿಂದ ಡಬ್ಬಿಯಲ್ಲಿ ರೊಟ್ಟಿ ಮುಗಿದರೂ ನಾವಿಬ್ಬರೂ "ರೊಟ್ಟಿ ಮಾಫಿ" ಅನ್ನುತ್ತಿದ್ದೆವು.

ನಾನು ಬರೆಯಹೊರಟಿರುವುದು ನನಗೆ ಹತ್ತು ವರ್ಷವಾಗಿದ್ದಾಗಿನ ಬೇಸಿಗೆಯ ಕಥೆ. ಅಣ್ಣನಿಗೆ ಆಗ ಹದಿನೇಳು ದಾಟಿತ್ತು. ಹತ್ತನೇ ಇಯತ್ತೆ ಎರಡು ಸಲ ಫೇಲಾಗಿದ್ದ. ಹದಿನೆಂಟು ತುಂಬಿದರೆ ಅಪ್ಪನ ವೀಸಾದ ಮೇಲೆ ಮಗ ಇರುವಂತಿರಲಿಲ್ಲ. ಕೆಲಸದ ವೀಸಾ ಸಿಗಬೇಕು, ಇಲ್ಲವೇ ಊರಿಗೆ ಹೋಗಿ ದೊಡ್ಡಪ್ಪನ ಮನೆಯಲ್ಲಿ ಇರಬೇಕು. ಅಣ್ಣನಿಗೆ ಬೇಕಾಗಿದ್ದದ್ದು ಒಂದೇ, ಹಂಸಾಕ್ಕನ ಗ್ಯಾರೇಜು. ಹಂಸಾಕ್ಕ ಅಕ್ಕನಲ್ಲ, ಕೇರಳದ ಹಿರಿಯ ಮೆಕ್ಯಾನಿಕ್; ಅವರ ಕಡೆ ಅಣ್ಣನಿಗೆ 'ಇಕ್ಕ' ಅನ್ನುತ್ತಾರೆ. ಹೆಚ್ಚು ಮಾತಾಡುವವರಲ್ಲ. ಅಪ್ಪ ಹೋಗಿ ಕೇಳಿಕೊಂಡಾಗ ಅವರು ಒಂದು ಷರತ್ತು ಹಾಕಿದರು. ಲಾಂಡ್ರಿಯ ಹಳೆಯ ಬೈಕೊಂದು ಎರಡು ತಿಂಗಳಿಂದ ಬಿಸಿಲಲ್ಲಿ ನಿಂತು ಕೆಟ್ಟಿತ್ತು. ಪೆಟ್ರೋಲು ಒಣಗಿ, ಎಂಜಿನ್ನಿಗೆ ಅದನ್ನು ಹನಿಸುವ ಕಾರ್ಬ್ಯುರೇಟರ್ ಒಳಗೆ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. ಹುಡುಗ ಅದನ್ನು ಬಿಚ್ಚಿ, ತೊಳೆದು, ಶುಕ್ರವಾರ ಬೆಳಿಗ್ಗೆ ತನ್ನೆದುರು ಜೋಡಿಸಿ ಗಾಡಿ ಚಾಲೂ ಮಾಡಿ ತೋರಿಸಲಿ. ಬಿಚ್ಚುವುದು ಯಾರಿಗೂ ಬರುತ್ತದೆ, ಒಂದು ಭಾಗವೂ ಕಳೆಯದೆ ಜೋಡಿಸುವವನು ತನಗೆ ಬೇಕು ಎಂದರಂತೆ.

ಗುರುವಾರ ಬೆಳಿಗ್ಗೆ ನೆಲ ಕಾಯುವ ಮೊದಲೇ ಅಣ್ಣ ಕಾರ್ಬ್ಯುರೇಟರನ್ನು ತಾರಸಿಗೆ ತಂದ. ನೀರಿನ ಟ್ಯಾಂಕಿನ ನೆರಳಲ್ಲಿ ಹಳೆಯ ಬಿಳಿ ಚಾದರ ಹಾಸಿದ. ಬಿಚ್ಚಿದ ಒಂದೊಂದು ಭಾಗವನ್ನೂ ಮೊಟ್ಟೆಯ ಟ್ರೇಯ ಒಂದೊಂದು ಗುಂಡಿಯಲ್ಲಿ ಸಾಲಾಗಿ ಇಡಬೇಕು. ಆ ಟ್ರೇ ಕಾಯುವ ಕೆಲಸ ನನ್ನದು. ಎಲ್ಲಕ್ಕಿಂತ ಮುಖ್ಯವಾದದ್ದು ಜೆಟ್ಟು. ಕಡಲೆಕಾಳಿಗಿಂತ ತುಸು ದೊಡ್ಡದಾದ ಹಿತ್ತಾಳೆಯ ತುಣುಕು. ಅದರ ನಡುವೆ ಸೂಜಿಮೊನೆಯಷ್ಟು ತೂತು, ಪೆಟ್ರೋಲು ಅಲ್ಲಿಂದಲೇ ಹೋಗಬೇಕು. ನಾನು ಅವ್ವನ ಸೂಜಿ ತಂದುಕೊಟ್ಟೆ. ಅಣ್ಣ ಕೈಯಿಂದ ಕಸಿದುಕೊಂಡ.

"ಸೂಜಿ ಹಾಕಬ್ಯಾಡ ತಂಗೆವ್ವ. ತೂತು ದೊಡ್ಡದಾತಂದ್ರ ಗಾಡಿ ಬರೇ ಕುಡಕೋತ ಕುಂದರ್ತೈತಿ, ನಮ್ಮ ದೊಡ್ಡಪ್ಪನಂಗ."

ಮೀನು ಹಿಡಿಯುವ ಸಣ್ಣ ನೈಲಾನ್ ದಾರವನ್ನು ಅದರಲ್ಲಿ ತೂರಿಸಿ, ನನ್ನ ಕೈಗೆ ಕೊಟ್ಟು, ಹಿಂದೆ ಮುಂದೆ ಎಳೆಯಲು ಹೇಳಿದ. ಎಳೆದೆ, ಪೆಟ್ರೋಲಿನಲ್ಲಿ ಅದ್ದಿದೆ, ಊದಿದೆ. ತುಟಿ ಉರಿಯಿತು. ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಾಗ ತೂತಿನೊಳಗೆ ದುಂಡಗೆ ಬೆಳಕು ಕಂಡಿತು. ಕಪ್ಪಾಗಿದ್ದ ತುಣುಕು ಹೊಸ ಚಿನ್ನದ ಹಾಗೆ ಹೊಳೆಯುತ್ತಿತ್ತು.

ನಮ್ಮ ಮನೆಯಿಂದ ಚಿನ್ನದ ಅಂಗಡಿಗಳ ಸಾಲಿಗೆ ಹತ್ತು ನಿಮಿಷದ ದಾರಿ. ಗಾಜಿನ ಹಿಂದೆ ಎದೆ ತುಂಬುವಂಥ ಸರಗಳು ತೂಗುತ್ತಿದ್ದವು. ನನ್ನ ಕಿವಿಯ ತೂತಿನಲ್ಲಿ ಕಸಬರಿಗೆ ಕಡ್ಡಿ ಇತ್ತು. ಅಣ್ಣ ಕೈ ತೊಳೆಯಲು ಕೆಳಗಿಳಿದಾಗ ನಾನು ಆ ದಾರವನ್ನು ಮತ್ತೆ ಜೆಟ್ಟಿನಲ್ಲಿ ಪೋಣಿಸಿದೆ. ಎರಡೂ ತುದಿ ಸೇರಿಸಿ ಕೊರಳಿಗೆ ಕಟ್ಟಿಕೊಂಡು ಫ್ರಾಕಿನೊಳಗೆ ಬಿಟ್ಟುಕೊಂಡೆ. ಟ್ರೇಯ ಮೇಲೆ ಚಾದರ ಮುಚ್ಚಿದೆ. ಒಂದು ದಿನದ ಮಟ್ಟಿಗೆ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಇಟ್ಟರಾಯಿತು ಎಂದುಕೊಂಡೆ. ಇದು ಸತ್ಯ. ಆದರೆ ಈ ಸತ್ಯದಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಶುಕ್ರವಾರ ನಾನು ಕಣ್ಣುಜ್ಜುತ್ತ ತಾರಸಿ ಹತ್ತುವಷ್ಟರಲ್ಲಿ ಹಂಸಾಕ್ಕ ಬಂದು ಚಾದರದ ಮೇಲೆ ಕೂತಾಗಿತ್ತು. ಪಕ್ಕದಲ್ಲಿ ಅಪ್ಪ. ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಹಂಸಾಕ್ಕ ಟ್ರೇಯ ಗುಂಡಿಗಳ ಮೇಲೆ ಬೆರಳಾಡಿಸುತ್ತ ಬಂದು ಒಂದು ಕಡೆ ನಿಲ್ಲಿಸಿದರು.

"ಜೆಟ್ ಮಾಫಿ."

ಅಣ್ಣ ಮೊದಲು ನಕ್ಕ. ನಮ್ಮ ಹಳೆಯ ತಮಾಷೆ ಎಂದುಕೊಂಡನೋ ಏನೋ. ಆಮೇಲೆ ಚಾದರ ಕೊಡವಿದ. ಮೊಣಕಾಲೂರಿ ತಾರಸಿಯನ್ನೆಲ್ಲ ಕೈಯಿಂದ ತಡವಿದ. ನೀರು ಹೋಗುವ ಕಿಂಡಿಯೊಳಗೆ ಬೆರಳು ಹಾಕಿ ಕೆದಕಿದ. ಇಸ್ತ್ರಿ ಮಾಡಿದ ಅಂಗಿ ಬೆವರಿಗೆ ಬೆನ್ನಿಗಂಟಿತು. ನಾನು ಅಲ್ಲೇ ನಿಂತಿದ್ದೆ, ಜೆಟ್ಟು ನನ್ನ ಎದೆಗೆ ಒತ್ತುತ್ತಿತ್ತು. ಆಗ ಅಪ್ಪ ನನ್ನತ್ತ ತಿರುಗಿ ಕೇಳಿದರು, ಟ್ರೇ ನಿನ್ನ ಹತ್ತಿರ ಇತ್ತಲ್ಲ ಎಂದು.

"ನಾ ಅದನ್ನ ಅಣ್ಣನ ಕೈಯಾಗ ಕೊಟ್ಟೆ" ಅಂದೆ.

ಅಣ್ಣ ನನ್ನನ್ನೇ ನೋಡಿದ. ನೆನಪಿಗಾಗಿ ತಡಕಾಡಿದ. ಕೊನೆಗೆ, "ಕೊಟ್ಟಿರಬೇಕು ಅಪ್ಪಾ. ನಾನೇ ಎಲ್ಲೋ ಕಳದೀನಿ. ತಂಗೆವ್ವ ಸುಳ್ಳು ಹೇಳಾಕಿ ಅಲ್ಲ" ಅಂದ.

ಹಂಸಾಕ್ಕ ತಮ್ಮ ಡಬ್ಬಿಯಿಂದ ಬೇರೆ ಜೆಟ್ಟು ಹಾಕಿ ತಾವೇ ಎಲ್ಲ ಜೋಡಿಸಿದರು. ಕೆಳಗೆ ಮೂರನೇ ಒದೆತಕ್ಕೆ ಬೈಕು ಚಾಲೂ ಆಯಿತು. ಅಣ್ಣ ತೊಳೆದದ್ದರಲ್ಲಿ ಒಂದು ಕೊರತೆಯೂ ಇರಲಿಲ್ಲ. ಆದರೆ ಗಿರಾಕಿಯ ಗಾಡಿಯಲ್ಲಿ ಹೀಗಾದರೆ ತಾನೇನು ಹೇಳಲಿ ಎಂದು ಅವರು ಅಪ್ಪನ ಭುಜ ತಟ್ಟಿ ಹೋದರು. ಒಂದು ತಿಂಗಳಿಗೆ ಅಣ್ಣನ ಊರಿನ ಟಿಕೇಟು ಬಂತು.

ಆ ಒಂದು ತಿಂಗಳಲ್ಲಿ ಹೇಳಲು ನನಗೆ ಮೂವತ್ತು ಬೆಳಗುಗಳು ಸಿಕ್ಕವು. ಹೇಳಲಿಲ್ಲ. ಕೊರಳಿಂದ ಜೆಟ್ಟು ತೆಗೆದು ಬಿಸಾಡಲೂ ಇಲ್ಲ.

ಹೊರಡುವ ದಿನ ಟ್ಯಾಕ್ಸಿ ಕೆಳಗೆ ಕಾಯುತ್ತಿತ್ತು. ಅಣ್ಣ ಬಗ್ಗಿ ನನ್ನನ್ನು ತಬ್ಬಿಕೊಂಡ. ಅವನ ಬೆರಳಿಗೆ ಕೊರಳ ಹಿಂದಿನ ನೈಲಾನ್ ಗಂಟು ಸಿಕ್ಕಿತು. ಆ ದಾರ ಯಾವುದೆಂದು ಅವನ ಬೆರಳಿಗೆ ಗೊತ್ತಿತ್ತು. ಮೆಲ್ಲಗೆ ಎಳೆದ. ಜೆಟ್ಟು ಹೊರಬಂದು ಇಬ್ಬರ ನಡುವೆ ತೂಗಿತು. ಹೊಡೆಯುತ್ತಾನೆ ಎಂದು ಕಣ್ಣು ಮುಚ್ಚಿದೆ. ಅಪ್ಪನನ್ನು ಕೂಗಿ ಕರೆದಿದ್ದರೂ ಆಗುತ್ತಿತ್ತು. ಅವನು ಕೂಗಲಿಲ್ಲ.

"ಎಲ್ಲಾರ ಮ್ಯಾಲೂ ಸಂಶೆ ಬಂದಿತ್ತು ನನಗ" ಅಂದ. "ವಾಚ್‌ಮನ್ ಮ್ಯಾಲೂ ಬಂದಿತ್ತು. ನಿನ್ನ ಮ್ಯಾಲೆ ಬಂದಿರಲಿಲ್ಲ."

ದಾರ ಹರಿದು, ಜೆಟ್ಟನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದ. ತಿರುಗಿ ನೋಡಲಿಲ್ಲ.

ಎರಡು ವರ್ಷಕ್ಕೆ ಅವ್ವನೂ ನಾನೂ ಊರಿಗೆ ಮರಳಿದೆವು. ನನ್ನ ಓದು ಏಳನೇ ಇಯತ್ತೆಗೆ ನಿಂತಿತು. ಮದುವೆಯಾಗಿ ಮತ್ತೆ ಈ ದೇಶಕ್ಕೇ ಬಂದೆ. ಈಗ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿದ್ದೇನೆ. ಊಟ ತಂದುಕೊಡುವ ಹುಡುಗರ ಬೈಕುಗಳು ದಿನವಿಡೀ ಬಂದು ಹೋಗುತ್ತವೆ. ಈಗಿನ ಗಾಡಿಗಳಲ್ಲಿ ಕಾರ್ಬ್ಯುರೇಟರೇ ಇರುವುದಿಲ್ಲವಂತೆ. ಅಣ್ಣ ಗದಗಿನಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಹೋದ ರಜೆಯಲ್ಲಿ ಊರಿಗೆ ಹೋದಾಗ ನನ್ನ ಮಗ ಓಡಿಸುತ್ತಿದ್ದ ಹಳೆಯ ಸ್ಕೂಟರು ಅಂಗಳದಲ್ಲಿ ಕೆಮ್ಮಿ ಕೆಮ್ಮಿ ನಿಂತಿತು. ಅಣ್ಣ ತಲೆ ವಾರೆ ಮಾಡಿ ಆ ಸದ್ದು ಕೇಳಿದ. ಎಲ್ಲಿ ಕಟ್ಟಿದೆ ಎಂದು ಅವನಿಗೆ ತಿಳಿಯಿತು, ನನಗೂ ತಿಳಿಯಿತು. "ಮೆಕ್ಯಾನಿಕ್‌ನ ಕರೀರಿ, ನನಗ ಅದೆಲ್ಲಾ ಬರೂದಿಲ್ಲ" ಎಂದು ಒಳಗೆ ಹೋದ.

ತಂಗೆವ್ವ ಎಂದು ಅವನು ನನ್ನನ್ನು ಆ ಟ್ಯಾಕ್ಸಿಯ ದಿನದಿಂದ ಕರೆದಿಲ್ಲ. ಮದುವೆಯ ಹಂದರದಲ್ಲೂ ಸಾವಿತ್ರಿ ಎಂದೇ ಕರೆದ.

ಇಲ್ಲಿಗೆ ಮರಳಿದ ಮೇಲೆ ಒಂದು ಮಧ್ಯಾಹ್ನ ಧೈರ್ಯ ಮಾಡಿ ಫೋನು ಹಚ್ಚಿದೆ. ಎಲ್ಲ ಹೇಳಿಕೊಂಡೆ. ಕಡೆಗೆ, "ಮಾಫಿ ಕೇಳಾಕತ್ತೀನಿ ಅಣ್ಣಾ" ಅಂದೆ.

ಅತ್ತ ಕಡೆ ಯಾರೋ ಬಟ್ಟೆ ಹರಿಯುವ ಸದ್ದು ಕೇಳಿಸಿತು. ಅದು ನಿಂತಿತು.

"ಮಾಫಿ, ಸಾವಿತ್ರಿ" ಅಂದ ಅಣ್ಣ, ಫೋನಿಟ್ಟ.

ಅದು ಗದಗಿನ ಮಾತೋ ದೇರಾದ ಮಾತೋ ಎಂದು ಕೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.