ರಬ್ಬರ್ ಬುಷ್ಷಿಗೆ ಕೀಲೆಣ್ಣೆ

ನನ್ನ ಮೈದುನ ಏನನ್ನೂ ಕದ್ದಿರಲಿಲ್ಲ. ವ್ಯಾನಿನ ಮುಂದಿನ ಕಮಾನಿನ ಬುಷ್ಷು ಹಾಳಾದದ್ದು ನನ್ನ ಕೈಯಿಂದ, ನಾನೇ ಕಲಸಿದ ಎಣ್ಣೆಯಿಂದ. ಅವನನ್ನು ಕಳ್ಳ ಅಂದವಳೂ ನಾನೇ. ನಡೆದದ್ದು ಇಷ್ಟೇ. ಊರಲ್ಲಿ ಈಗಲೂ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ, ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ, ಅಕ್ಷರ ಮಾತ್ರ, ವಿಷಯವನ್ನಲ್ಲ.

ಆಗಿನ್ನೂ ಚಾಮರಾಜನಗರ ಮೈಸೂರು ಜಿಲ್ಲೆಗೇ ಸೇರಿತ್ತು. ನಮ್ಮ ಮನೆ ತೆರಕಣಾಂಬಿಯಲ್ಲಿ. ಯಜಮಾನರು ತೀರಿಕೊಂಡಾಗ ನನಗೆ ಉಳಿದದ್ದು ಒಂದೂವರೆ ಎಕರೆ ಹೊಲ, ಎರಡು ಹಸು, ಮತ್ತು ಆ ಹಳೇ ವ್ಯಾನು. ವಾರವೆಲ್ಲ ಅದು ಗುಂಡ್ಲುಪೇಟೆ ಮಂಡಿಗೆ ತರಕಾರಿ ಹೊರುತ್ತಿತ್ತು, ಶನಿವಾರ ಗೋಪಾಲಸ್ವಾಮಿ ಬೆಟ್ಟಕ್ಕೆ ಜನರನ್ನು ಹೊರುತ್ತಿತ್ತು. ಓಡಿಸುವವನು ಯಜಮಾನರ ತಮ್ಮ. ಐವತ್ತರ ಹತ್ತಿರದವನು, ಮಾತು ಕಮ್ಮಿ. ಮಾತು ಕಮ್ಮಿಯವರನ್ನು ಕಂಡರೆ ನನಗೆ ಮೊದಲಿಂದಲೂ ಅನುಮಾನ. ಒಳಗೆ ಏನು ಎಣಿಸುತ್ತಿದ್ದಾರೆ ಅನ್ನುವುದು ಹೊರಗೆ ಗೊತ್ತಾಗುವುದಿಲ್ಲ.

ರಿಪೇರಿ ನನ್ನದು. ಯಜಮಾನರು ನನಗೆ ಕೂರಿಸಿ ಹೇಳಿಕೊಟ್ಟವರಲ್ಲ. ಅವರು ವ್ಯಾನಿನ ಕೆಳಗೆ ಮಲಗಿ ಕೈ ಚಾಚಿದಾಗ ಬೇಕಾದ ಸ್ಪ್ಯಾನರ್ ಅವರ ಅಂಗೈಗೆ ಇಡುವವಳು ನಾನು. ವರ್ಷಗಟ್ಟಲೆ ಹಾಗೆ ಕೂತರೆ ಹಸುವಿಗೂ ತಿಳಿಯುತ್ತದೆ. ಅವರು ಹೋದ ಮೇಲೆ ಒಂದೇ ಸಲ ಗುಂಡ್ಲುಪೇಟೆಯ ಒಂದು ಗ್ಯಾರೇಜಿಗೆ ಬಿಟ್ಟೆ. ಬ್ರೇಕು ಸರಿಮಾಡಿ ಕೊಟ್ಟರು, ವಾರದೊಳಗೆ ಹಾರನ್ ನಿಂತುಹೋಯಿತು. ಒಳ್ಳೇದನ್ನು ಬಿಚ್ಚಿಕೊಂಡು ಕೆಟ್ಟದ್ದನ್ನು ಹಾಕಿದ್ದಾರೆ ಅಂತ ಅವತ್ತೇ ತೀರ್ಮಾನ ಮಾಡಿ, ಆಮೇಲೆ ಸೀರೆ ಎತ್ತಿ ಕಟ್ಟಿ ನಾನೇ ಕೆಳಗೆ ಮಲಗಿದೆ.

ವ್ಯಾನಿನ ಮುಂದಿನ ಭಾರವನ್ನೆಲ್ಲ ಹೊರುವುದು ಕಮಾನು ಪಟ್ಟೆ, ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಉದ್ದದ ಪಟ್ಟಿಯ ಎರಡು ತುದಿಯನ್ನೂ ಬಳೆಯ ಹಾಗೆ ಸುತ್ತಿರುತ್ತಾರೆ. ಆ ಬಳೆಯೊಳಗೆ ಬುಷ್ಷು, ಅಂದರೆ ಒಂದು ಗಿಡ್ಡ ಕೊಳವೆ, ಬುಷ್ಷಿನೊಳಗೆ ಪಿನ್ನು. ಬುಷ್ಷು ಸವೆದರೆ ಪಿನ್ನು ಅಲ್ಲಾಡುತ್ತದೆ, ಸ್ಟೇರಿಂಗು ಒಂದು ಕಡೆಗೆ ಎಳೆಯುತ್ತದೆ. ಬೆಟ್ಟದ ತಿರುವಿನಲ್ಲಿ ಹಾಗೆ ಎಳೆದರೆ ಹಿಂದೆ ಕೂತವರ ಗತಿ ನಾನು ಹೇಳಬೇಕಾಗಿಲ್ಲ.

ಯಜಮಾನರ ಕಾಲದಲ್ಲಿ ಅದರಲ್ಲಿ ಇದ್ದದ್ದು ಹಿತ್ತಾಳೆ ಬುಷ್ಷು. ಅದು ಸವೆದಾಗ ಹೊಸದಕ್ಕೆ ಚಾಮರಾಜನಗರಕ್ಕೆ ಹೋದೆ. ಬಿಡಿಭಾಗದ ಅಂಗಡಿಯವನು ರಬ್ಬರಿನದು ತೆಗೆದಿಟ್ಟ.

"ಹಿತ್ತಾಳೆದು ಈಗ ಬರಲ್ಲ ಅಜ್ಜಿ, ಎಲ್ಲಾ ರಬ್ಬರ್ದೇಯ" ಅಂದ.

"ಚಪ್ಪಲಿ ರಬ್ಬರ್ ಕುಯ್ದು ಕೊಡ್ತಾ ಇದ್ದೀಯೋ ಏನೋ" ಅಂದು ಒಂದನ್ನು ಹಲ್ಲಲ್ಲಿ ಕಚ್ಚಿ ನೋಡಿದೆ. ಗಟ್ಟಿ ಇತ್ತು. ತಂದೆ.

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕಿ ಎತ್ತಿ, ಛಾಸಿಯ ಕೆಳಗೆ ಹಲಸಿನ ದಿಮ್ಮಿ ಇಟ್ಟೆ. ಜಾಕಿಯನ್ನು ನಂಬಿ ತಲೆ ಒಳಗೆ ಹಾಕುವವಳಲ್ಲ ನಾನು. ಚಕ್ರ ಬಿಚ್ಚಿ, ಪಿನ್ನನ್ನು ಸುತ್ತಿಗೆಯಿಂದ ಹೊಡೆದು ಹೊರಗೆ ಹಾಕಿದೆ. ಹೊಸ ಬುಷ್ಷು ಬಳೆಯೊಳಗೆ ಸಲೀಸಾಗಿ ಹೋಗಲೊಲ್ಲದು. ಆಗ ಮಾಡಿದೆ ನೋಡಿ ನನ್ನ ಕೆಲಸ. ನಮ್ಮಪ್ಪನ ಎತ್ತಿನ ಗಾಡಿಗೆ ಹುಲ್ಲು ಸುಟ್ಟ ಬೂದಿಯನ್ನು ಹರಳೆಣ್ಣೆಯಲ್ಲಿ ಕಲಸಿ ಅಚ್ಚಿಗೆ ಬಳಿಯುತ್ತಿದ್ದರು, ಅದೇ ಕೀಲೆಣ್ಣೆ. ಹರಳೆಣ್ಣೆ ದುಬಾರಿಯಾದ ಮೇಲೆ ಗಾಡಿಯವರೆಲ್ಲ ಇಂಜಿನ್ನಿನಿಂದ ಸುರಿದ ಕರಿ ಆಯಿಲಿಗೇ ಬೂದಿ ಕಲಸುತ್ತಿದ್ದರು. ನಾನೂ ಒಂದು ತಗಡಿನ ಡಬ್ಬಿ ತುಂಬ ಕಲಸಿ, ನಾಲ್ಕು ಬೆರಳಲ್ಲಿ ಎತ್ತಿ ಬುಷ್ಷಿಗೆ ಒಳಗೂ ಹೊರಗೂ ಬಳಿದೆ. ಬೆಣ್ಣೆಯ ಹಾಗೆ ಒಳಗೆ ಜಾರಿತು. ವ್ಯಾನನ್ನು ನೆಲಕ್ಕೆ ಇಳಿಸಿ, ಭಾರ ಬಿದ್ದ ಮೇಲೆ ನಟ್ಟು ಬಿಗಿದೆ. ಅದು ಯಜಮಾನರ ಕ್ರಮ, ಅದರಲ್ಲಿ ನಾನು ತಪ್ಪಲಿಲ್ಲ.

ಒಂದು ತಿಂಗಳ ಮೇಲೆ ಮೈದುನ ಬಾಗಿಲಲ್ಲಿ ನಿಂತ.

"ಅತ್ಗಮ್ಮ, ಮುಂದ್ಗಡೆ ಕಟಕಟ ಅಂತದೆ. ಒಸಿ ನೋಡಿ."

"ಮೊನ್ನೆ ತಾನೆ ಹೊಸ್ದು ಹಾಕಿವ್ನಿ. ಅದೆಂಗ್ ಅಂದದು?"

"ನಂಗೇನ್ ಗೊತ್ತು? ಸದ್ದು ಬತ್ತಾದೆ ಅಷ್ಟೇಯ."

ಬಿಚ್ಚಿ ನೋಡಿದರೆ ಬುಷ್ಷು ಊದಿಕೊಂಡು, ಮೆತ್ತಗಾಗಿ, ಹಿತುಕಿದ ಅವರೆಕಾಳಿನ ಹಾಗೆ ಬಳೆಯಿಂದ ಹೊರಗೆ ಬಂದಿತ್ತು. ನಾನು ಕಚ್ಚಿ ನೋಡಿ ತಂದ ಬುಷ್ಷು ಅದಲ್ಲವೇ ಅಲ್ಲ ಅಂತ ಆ ಕ್ಷಣವೇ ಅನ್ನಿಸಿತು. ಯಾರೋ ನನ್ನ ಹೊಸದನ್ನು ತೆಗೆದುಕೊಂಡು, ಕೊಳೆತದ್ದನ್ನು ತುರುಕಿದ್ದಾರೆ. ಯಾರು? ದಿನಾ ವ್ಯಾನು ಯಾರ ಕೈಯಲ್ಲಿ ಇರುತ್ತದೋ ಅವನು.

ಆಮೇಲೆ ಕಂಡದ್ದೆಲ್ಲ ಅದಕ್ಕೇ ಹೊಂದುತ್ತಾ ಹೋಯಿತು. ಗುಂಡ್ಲುಪೇಟೆಯಲ್ಲಿ ಮಂಡಿ ಮುಗಿಯುವ ತನಕ ವ್ಯಾನು ನಿಲ್ಲುವುದು ಆ ಗ್ಯಾರೇಜಿನ ಪಕ್ಕದಲ್ಲೇ. ಗ್ಯಾರೇಜಿನವನೂ ನನ್ನ ಮೈದುನನೂ ಒಂದೇ ಬೆಂಚಿನಲ್ಲಿ ಟೀ ಕುಡಿಯುತ್ತಾರೆ. ಮೈದುನನ ಉಗುರಿನ ಸಂದಿಯಲ್ಲಿ ಕರಿ ಜಿಡ್ಡು. ಬುಷ್ಷು ಬಿಚ್ಚದವನ ಉಗುರಿಗೆ ಜಿಡ್ಡು ಯಾಕೆ ಬರುತ್ತದೆ? ನಾನು ಬಳಿದ ಎಣ್ಣೆಯೇ ಸೋರಿ ಚಕ್ರಕ್ಕೆಲ್ಲ ಹತ್ತಿತ್ತು, ಪಂಕ್ಚರ್ ಆದಾಗ ಅವನು ಆ ಚಕ್ರ ಬಿಚ್ಚಿದ್ದ. ಅದು ಈಗ ಹೊಳೆಯುತ್ತದೆ, ಆಗ ಹೊಳೆಯಲಿಲ್ಲ. ಸದ್ದು ಬರುತ್ತದೆ ಅಂತ ಅವನೇ ಮೊದಲು ಬಂದು ಹೇಳಿದ್ದೂ ನನಗೆ ಕಳ್ಳತನದ ಗುರುತಾಗಿಯೇ ಕಂಡಿತು. ಕದ್ದವನು ತಾನೇ ಮೊದಲು ಬಾಯಿ ಬಿಟ್ಟರೆ ಯಾರೂ ಅನುಮಾನ ಪಡುವುದಿಲ್ಲ ಅಂತ ಲೆಕ್ಕ ಹಾಕಿದ್ದಾನೆ ಅಂದುಕೊಂಡೆ.

ಇನ್ನೊಂದು ಜೊತೆ ತಂದು ಹಾಕಿದೆ. ಈ ಸಲ ಕೀಲೆಣ್ಣೆ ಇನ್ನೂ ಧಾರಾಳವಾಗಿ ಬಳಿದೆ. ಮುಗಿಸಿ, ಒಂದು ಹಿಡಿ ರಾಗಿ ಹಿಟ್ಟನ್ನು ಗಟ್ಟಿಯಾಗಿ ನಾದಿ ಒಂದೊಂದು ನಟ್ಟಿನ ಮೇಲೂ ಒತ್ತಿ, ನನ್ನ ಹೆಬ್ಬೆಟ್ಟಿನ ಗುರುತು ಹಾಕಿದೆ. ಕುಡುಗೋಲು ತಾಗಿದ ಹಳೇ ಗಾಯದ ಗೆರೆ ಆ ಹೆಬ್ಬೆಟ್ಟಿನಲ್ಲಿ ಇದೆ, ಅದನ್ನು ಬೇರೆ ಯಾರೂ ಹಾಕಲಾಗದು. ಒಣಗಿದ ಮೇಲೆ ಅದು ಕಲ್ಲಿನ ಹಾಗೆ ಆಗುತ್ತದೆ. ಸ್ಪ್ಯಾನರ್ ತಾಗಿಸಿದರೆ ಬಿರುಕು ಬಿಡಲೇಬೇಕು.

ಎರಡನೇ ದಿನಕ್ಕೇ ಬಿರುಕು ಬಿಟ್ಟಿತ್ತು. ತರಕಾರಿ ಹೊತ್ತು ಆ ರಸ್ತೆಯಲ್ಲಿ ಕುಣಿದ ವ್ಯಾನಿನ ನಟ್ಟಿನ ಮೇಲೆ ಒಣ ಹಿಟ್ಟು ಎಷ್ಟು ಹೊತ್ತು ನಿಂತೀತು ಅಂತ ನಾನು ಯೋಚಿಸಲಿಲ್ಲ. ನೇರ ಬಸ್ ಸ್ಟಾಪಿನ ಟೀ ಅಂಗಡಿಗೆ ಹೋದೆ. ಮೈದುನ ನಾಲ್ಕು ಜನರ ನಡುವೆ ಕೂತಿದ್ದ.

"ಗ್ಯಾರೇಜ್ನವನಿಗೆ ಎಷ್ಟು ಜೊತೆ ಕೊಟ್ಟೆ?" ಅಂದೆ.

"ಯಾವ್ದ ಅತ್ಗಮ್ಮ?"

"ನನ್ನ ಬುಷ್ಷ. ಅಣ್ಣ ಸತ್ತವ್ನೆ, ಅತ್ಗೆ ಎಂಗ್ಸು, ಏನ್ ಗೊತ್ತಾದದು ಅಂದ್ಕಂಡಾ?"

ಅವನು ಲೋಟ ಕೆಳಗಿಟ್ಟ. ಟೀ ಅಂಗಡಿಯವನು, "ಬುಡಿ ಅಜ್ಜಿ, ಬುಷ್ ತಿಂದು ಯಾರಾರ ಬದುಕ್ದವ್ರಾ" ಅಂತ ನಗಿಸಲು ನೋಡಿದ. ಯಾರೂ ನಗಲಿಲ್ಲ.

"ಕದ್ದಿಲ್ದಿದ್ರೆ ಮಾರಮ್ಮನ ಮುಂದೆ ಕರ್ಪೂರ ಆರ್ಸು, ನೋಡನ" ಅಂದೆ.

ನಮ್ಮಲ್ಲಿ ಆಣೆ ಮಾಡುವುದು ಹಾಗೆ. ದೇವರ ಮುಂದೆ ಕರ್ಪೂರ ಹಚ್ಚಿ, ಉರಿಯುವಾಗಲೇ ಅಂಗೈಯಿಂದ ಹೊಡೆದು ಆರಿಸಬೇಕು. ಸುಳ್ಳಾಡಿ ಆರಿಸಿದರೆ ಮನೆಯ ದೀಪ ಆರುತ್ತದೆ ಅನ್ನುತ್ತಾರೆ. ಒಂದೇ ಮನೆಯವರು ಒಬ್ಬರನ್ನೊಬ್ಬರು ಅದನ್ನು ಕೇಳುವುದಿಲ್ಲ. ನಾನು ಕೇಳಿದೆ.

"ಆರುಸ್ತೀನಿ" ಅಂದ. "ಆರ್ಸುದ್ ಮೇಲೆ ನಿಮ್ ಗಾಡಿ ಮುಟ್ಟಲ್ಲ."

ಶುಕ್ರವಾರ ಎಲ್ಲರ ಎದುರಿಗೆ ಆರಿಸಿದ. ವ್ಯಾನಿನ ಕೀಯನ್ನು ನನ್ನ ಜಗಲಿಯ ಮೇಲಿಟ್ಟು ಹೋದ. ನಾನು ನಂಬಿದೆನೇ? ಇಲ್ಲ. ಕರ್ಪೂರಕ್ಕೆ ಬುಷ್ಷಿನ ವಿಷಯ ಏನು ಗೊತ್ತು ಅಂದುಕೊಂಡು ಮನೆಗೆ ಬಂದೆ.

ಊರೂ ನಂಬಲಿಲ್ಲ, ನಾನು ನಂಬದೆ ಇದ್ದದ್ದರಿಂದಲೇ. ಅವನಿಗೆ ಸ್ಟೇರಿಂಗು ಹಿಡಿಯುವುದು ಬಿಟ್ಟರೆ ಬೇರೆ ಕೆಲಸ ಬಾರದು. ಟ್ರಾಕ್ಟರ್ ಇಟ್ಟವರೊಬ್ಬರ ಹತ್ತಿರ ಹೋದ. "ಅತ್ಗೇನೇ ಕಳ್ಳ ಅಂದ್ಮೇಲೆ ನಾನ್ ಎಂಗಪ್ಪ ಕೀ ಕೊಡ್ಲಿ" ಅಂದರಂತೆ. ಲಾರಿಯವರೂ ಅದನ್ನೇ ಅಂದರಂತೆ. ಗುಂಡ್ಲುಪೇಟೆ ಮಂಡಿಯಲ್ಲಿ ಮೂಟೆ ಹೊರಲು ನಿಂತ. ತಾನು ವ್ಯಾನಿನಲ್ಲಿ ತಂದು ಇಳಿಸುತ್ತಿದ್ದ ಜಾಗದಲ್ಲೇ. ನನ್ನ ಓರಗಿತ್ತಿ, ಅವನ ಹೆಂಡತಿ, ಬೀದಿ ನಲ್ಲಿಯಲ್ಲಿ ನನ್ನನ್ನು ಕಂಡು ಅಂದಳು: "ಅಕ್ಕ, ಅವ್ರ ಬೆನ್ನು ನೋಡಿದ್ದೀಯ? ಚರ್ಮ ಕಿತ್ತೋಗದೆ. ಕಳ್ಳನ ಬೆನ್ನು ಅಲ್ವ, ಕೀಳ್ಲಿ ಬುಡು." ನಾನು ಬಿಂದಿಗೆ ತುಂಬಿಸಿಕೊಂಡು ಬಂದೆ.

ವ್ಯಾನು ನನ್ನ ಹಿತ್ತಲಲ್ಲೇ ನಿಂತಿತ್ತು. ಬೇರೆ ಡ್ರೈವರ್ ಸಿಕ್ಕುವ ತನಕ ಯಾರೂ ಮುಟ್ಟಬಾರದು ಅಂತ ಮುಂದಿನ ನಟ್ಟುಗಳಿಗೆ ಮತ್ತೆ ಹೊಸ ಹಿಟ್ಟು ಮೆತ್ತಿ ಗುರುತು ಹಾಕಿದ್ದೆ. ಆಗ ಬುಷ್ಷು ಬಳೆಯೊಳಗೆ ನೆಟ್ಟಗೇ ಕೂತಿತ್ತು. ಒಂದು ತಿಂಗಳಾಯಿತು. ಡ್ರೈವರ್ ಒಬ್ಬನು ಬರುತ್ತೇನೆ ಅಂದ. ಕೊಡುವ ಮೊದಲು ನೋಡಿಬಿಡೋಣ ಅಂತ ಕೆಳಗೆ ಮಲಗಿದೆ. ಹಿಟ್ಟು ಹಾಗೇ ಇತ್ತು. ಒಂದು ಎಳೆ ಬಿರುಕಿಲ್ಲ. ನನ್ನ ಹೆಬ್ಬೆಟ್ಟು, ನನ್ನ ಗಾಯದ ಗೆರೆ, ಎಲ್ಲ ಇದೆ. ಅದರ ಹಿಂದೆ ಬುಷ್ಷು ಊದಿ ಹೊರಗೆ ಬಂದಿದೆ.

ನಿಂತ ವ್ಯಾನು, ಮುಟ್ಟದ ನಟ್ಟು, ಕೊಳೆತ ಬುಷ್ಷು. ಹಾಗಾದರೆ ಅಂಗಡಿಯವನೇ ಕಳಪೆ ಮಾಲು ಕೊಟ್ಟಿದ್ದಾನೆ ಅಂತ ಅನುಮಾನ ಆ ಕಡೆಗೆ ತಿರುಗಿತು. ಊದಿದ ಬುಷ್ಷನ್ನು ಬಿಚ್ಚಿ, ಕಾಗದದಲ್ಲಿ ಸುತ್ತಿಕೊಂಡು ಚಾಮರಾಜನಗರದ ಬಸ್ಸು ಹತ್ತಿದೆ.

ಅಂಗಡಿಯವನು ಅದನ್ನು ಕೈಗೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದ.

"ಯಾನ ಬಳ್ದಿದ್ರಿ ಅಜ್ಜಿ ಇದ್ಕ?"

"ಕೀಲೆಣ್ಣೆ. ಕರಿ ಆಯಿಲಿಗೆ ಬೂದಿ ಹಾಕಿ."

ಅಂಗಡಿಯಲ್ಲಿದ್ದ ಇಬ್ಬರು ಡ್ರೈವರುಗಳು ಗೊಳ್ಳೆಂದು ನಕ್ಕರು. "ಎತ್ತು ಎಲ್ಲಿ ಕಟ್ಟಿದ್ದೀರಿ ಅಜ್ಜಿ, ಹಿಂದ್ಗಡೆನಾ ಮುಂದ್ಗಡೆನಾ?" ಅಂದ ಒಬ್ಬ.

ಅಂಗಡಿಯವನು ನಗಲಿಲ್ಲ. "ರಬ್ಬರ್ರಿಗೆ ಆಯಿಲ್ ಆಗಲ್ಲ. ಹಿತ್ತಾಳೆಗೆ ಗ್ರೀಸ್ ಬೇಕು, ಇದ್ಕ ಏನೂ ಬ್ಯಾಡ. ಒಳಕ್ ಓಗ್ದಿದ್ರೆ ಸೋಪ್ನೀರು ಸಾಕು" ಅಂದ.

"ಕೆಟ್ ಮಾಲ್ ಮಾರ್ಬುಟ್ಟು ಈಗ ಎಣ್ಣೆ ಮೇಲೆ ಹಾಕ್ತಿದ್ದೀಯ."

"ಹಂಗಾರೆ ಎರಡು ತಕಂಡೋಗಿ. ಒಂದ ನಿಮ್ಮ ಎಣ್ಣೆಲಿ ಹಾಕಿ, ಒಂದ ಬರೀ ನೀರಲ್ಲಿ ಹಾಕಿ. ಎಂಟ್ ದಿನ ಬುಡಿ. ನೀರಿಂದೂ ಊದ್ಕಂಡ್ರೆ ನನ್ ಅಂಗ್ಡಿ ಮುಂದ್ ನಿಂತು ಬೊಯ್ಯಿ, ನಾನ್ ಸುಮ್ಕೆ ಕೇಳ್ತೀನಿ."

ಹೇಗಿದ್ದರೂ ಬೇಕಲ್ಲ ಅಂತ ವ್ಯಾನಿಗೂ ಬೇರೆ ಒಂದು ಜೊತೆ ತಂದೆ. ಪರೀಕ್ಷೆಯ ಎರಡನ್ನು ಎರಡು ಉಪ್ಪಿನಕಾಯಿ ಜಾಡಿಯಲ್ಲಿ ಹಾಕಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ಸೊಂಟದಲ್ಲಿ. ಬರುತ್ತೇನೆ ಅಂದ ಡ್ರೈವರನಿಗೆ ಎಂಟು ದಿನ ತಡೆಯಲು ಹೇಳಿ ಕಳಿಸಿದೆ. ಯಾಕೆ ಅಂತ ಹೇಳಲಿಲ್ಲ.

ಎಂಟನೇ ದಿನ ಸಾಯಂಕಾಲ ಜಗಲಿಯ ಬೆಳಕಲ್ಲಿ ಎರಡನ್ನೂ ತೆಗೆದೆ. ನೀರಿನದನ್ನು ಕಚ್ಚಿದೆ, ತಂದ ದಿನದಷ್ಟೇ ಗಟ್ಟಿ. ಎಣ್ಣೆಯದನ್ನು ಕಚ್ಚಬೇಕಾಗಲಿಲ್ಲ. ಉಗುರು ಒತ್ತಿದರೆ ಒಳಗೆ ಹೋಯಿತು. ಅನುಮಾನ ಪಡಲು ಇನ್ನು ಯಾರೂ ಉಳಿದಿರಲಿಲ್ಲ. ಬೆನ್ನಿನ ಚರ್ಮ ಕಿತ್ತುಹೋದ ಗಂಡಸೊಬ್ಬ ನಾಲ್ಕು ಮನೆ ಆಚೆ ಊಟಕ್ಕೆ ಕೂತಿರುತ್ತಾನೆ ಅಂತ ಗೊತ್ತಿತ್ತು. ಎದ್ದು ಹೋಗಿ ಅವನೊಬ್ಬನಿಗೇ ಹೇಳಬಹುದಿತ್ತು. ಅದರಿಂದ ಏನಾಗುತ್ತಿತ್ತು? ಅವನಿಗೆ ಗೊತ್ತಿದ್ದ ವಿಷಯವೇ ಅದು. ಗೊತ್ತಾಗಬೇಕಾದದ್ದು ಊರಿಗೆ.

ಮಾರನೇ ದಿನ ಬೆಳಿಗ್ಗೆ ಆರು ಗಂಟೆಗೆ ಹಾಲಿನ ಕ್ಯಾನಿನ ಜೊತೆ ಎರಡು ಬುಷ್ಷನ್ನೂ ಹಿಡಿದು ಡೇರಿಗೆ ಹೋದೆ. ಊರಿಗೆ ಊರೇ ಹಾಲು ಹಾಕಲು ಅಲ್ಲಿ ಸಾಲು ನಿಲ್ಲುತ್ತದೆ. ಮೈದುನನೂ ಇದ್ದ, ಓರಗಿತ್ತಿಯೂ ಇದ್ದಳು, ಟ್ರಾಕ್ಟರಿನವರೂ ಇದ್ದರು. ಸಾಲಿನ ಮುಂದೆ ನಿಂತೆ.

"ಒಸಿ ಕೇಳಿ ಇಲ್ಲಿ. ನನ್ ಮೈದ್ನ ಕದ್ದಿಲ್ಲ. ರಬ್ಬರ್ರಿಗೆ ನಾನು ಗಾಡಿ ಎಣ್ಣೆ ಬಳ್ದು ನಾನೇ ಕೊಳೆಸ್ಬುಟ್ಟೆ. ನೋಡ್ಬೇಕು ಅಂದವ್ರು ಮುಟ್ಟಿ ನೋಡಿ."

ಇಬ್ಬರು ಮುಟ್ಟಿಯೂ ನೋಡಿದರು.

"ಮತ್ತೆ ಕರ್ಪೂರ ಆರ್ಸುದ್ದು?" ಅಂದಳು ಹಿಂದಿನಿಂದ ಒಬ್ಬಳು.

"ಅದ್ನೂ ನಾನೇ ಮಾಡ್ಸಿದ್ದು. ತೆಪ್ಪು ನಂದು." ಟ್ರಾಕ್ಟರಿನವರ ಕಡೆ ತಿರುಗಿದೆ. "ನನ್ ಮಾತ್ ಕೇಳಿ ಇವನಿಗೆ ಕೀ ಕೊಡಲ್ಲ ಅಂದ್ರಲ್ಲ, ಈಗ್ಲೂ ನನ್ ಮಾತೇ ಕೇಳಿ. ಕೊಡಿ."

ಅವರು ತಲೆ ಕೆರೆದುಕೊಂಡು, "ನಾಳೆಯಿಂದ್ಲೇ ಬರ್ಲಿ ಬುಡವ್ವ" ಅಂದರು.

ಮೈದುನನನ್ನು ಕೇಳಿದೆ: "ನಮ್ ಗಾಡಿಗೆ ಬಂದಿಯಾ?"

ಅವನು ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. "ಎರಡ್ ಕಡೆಯಿಂದ ಕರೀತಾವ್ರೆ ಅತ್ಗಮ್ಮ. ಒಸಿ ಯೋಚ್ನೆ ಮಾಡ್ಬೇಕು" ಅಂದ. ಸಾಲಿನಲ್ಲಿದ್ದವರು ನಕ್ಕರು. ಓರಗಿತ್ತಿ ನಗಲಿಲ್ಲ. ಅವಳು ನಗಬೇಕು ಅಂತ ನಾನು ಹೋಗಿರಲೂ ಇಲ್ಲ.

ಸಾಲಿನ ಕೊನೆಗೆ ಹೋಗಿ ನಿಂತು, ನನ್ನ ಸರದಿ ಬಂದಾಗ ಹಾಲು ಹಾಕಿ ಮನೆಗೆ ಬಂದೆ. ಜಾಕಿ ಎತ್ತಿ, ದಿಮ್ಮಿ ಕೊಟ್ಟು, ಬಳೆಯನ್ನೂ ಪಿನ್ನನ್ನೂ ಒಣ ಬಟ್ಟೆಯಲ್ಲಿ ಜಿಡ್ಡು ಹೋಗುವ ತನಕ ಒರೆಸಿದೆ. ಬಟ್ಟೆಸೋಪನ್ನು ಚೊಂಬಿನ ನೀರಿನಲ್ಲಿ ಕದಡಿ, ಹೊಸ ಬುಷ್ಷುಗಳನ್ನು ಅದರಲ್ಲಿ ಅದ್ದಿ, ಒಂದೊಂದಾಗಿ ಒತ್ತಿ ಕೂರಿಸಿದೆ.