ಕತ್ತರಿಸಿದ್ದನ್ನು ಕೂಡಿಸಿದ ವರ್ಷ

ನನ್ನನ್ನು ನೋಡಲು ಆನೇಕಲ್ಲಿಗೆ ಬಂದ ದಿನವೇ ಅವರು ಹೇಳಿಬಿಟ್ಟಿದ್ದರು. "ನಂಗೆ ಆಪ್ರೇಷನ್ ಆಗಿದೆ. ಇನ್ನು ಮಕ್ಕಳಾಗಲ್ಲ." ಮೊದಲ ಹೆಂಡತಿ ತೀರಿಕೊಂಡಿದ್ದರು, ಇಬ್ಬರು ಗಂಡುಮಕ್ಕಳಿದ್ದರು. ಎಪ್ಪತ್ತರ ದಶಕದಲ್ಲಿ ಕುಟುಂಬ ಯೋಜನೆಯ ವ್ಯಾನು ಪೀಣ್ಯದ ಅವರ ಶೆಡ್ಡಿಗೇ ಬಂದಾಗ, ಲೇತ್ ಯಂತ್ರ ನಿಲ್ಲಿಸಿ ಎಲ್ಲರೂ ಸಾಲಾಗಿ ಹೋಗಿ ಮಾಡಿಸಿಕೊಂಡಿದ್ದರಂತೆ. ನನಗಾಗಲೇ ಇಪ್ಪತ್ತೊಂಬತ್ತು. ಹೆಣ್ಣು ನೋಡಲು ಬಂದು ನಿಜ ಹೇಳಿದವರು ಇವರೊಬ್ಬರೇ, ಒಪ್ಪಿಕೊಂಡೆ.

ಹುಡುಗರನ್ನು ಬೈದೂ ಮುದ್ದಿಸಿಯೂ ಸಾಕಿದೆ. ಆದರೂ ಎರಡನೇ ವರ್ಷಕ್ಕೆ ನನ್ನದೇ ಒಂದು ಕೂಸು ಬೇಕೆನಿಸಿತು. ದುರಾಸೆ ಅಂದುಕೊಳ್ಳಿ, ಬೇಕಿತ್ತು. ಒಂದು ಸಂಜೆ ಮುದ್ದೆ ತಿರುವುತ್ತಾ ಹೇಳಿಯೇಬಿಟ್ಟೆ.

ಅತ್ತೆ ಮಾಗಡಿ ಕಡೆಯಿಂದ ಬೇರಿನ ಕಷಾಯ ತರಿಸಿದರು. ಅದನ್ನು ಕುಡಿದು ಇವರಿಗೆ ಭೇದಿಯಾಯಿತೇ ಹೊರತು ಏನೂ ಕೂಡಲಿಲ್ಲ. ಲೇಡಿ ಡಾಕ್ಟರು ಬಾಗಿಲು ಹಾಕಿ, ಬೇರೊಬ್ಬರ ವೀರ್ಯ ಸಿರಿಂಜಿನಲ್ಲಿ ಹಾಕುವ ದಾರಿಯಿದೆ, ಯಾರಿಗೂ ತಿಳಿಯದು ಎಂದರು. ಇವರು ಎದ್ದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಅನಾಥಾಲಯದ ಮಗುವಾದರೂ ಸರಿ ಎಂದೆ, ಅದಕ್ಕೆ ಅತ್ತೆ ಒಪ್ಪಲಿಲ್ಲ. ಉಳಿದದ್ದು ಕತ್ತರಿಸಿದ ನಾಳವನ್ನೇ ಮತ್ತೆ ಹೊಲಿಸುವುದು. ದೊಡ್ಡಾಸ್ಪತ್ರೆಯ ಸರ್ಜನ್, "ತುಂಬಾ ವರ್ಷ ಆಗಿದೆ, ಗ್ಯಾರಂಟಿ ಕೊಡಲ್ಲ" ಎಂದರು. ಕತ್ತರಿ ಕಂಡರೆ ಬೆವರುವ ನನ್ನ ಗಂಡ ಅದನ್ನೇ ಆರಿಸಿಕೊಂಡರು.

"ದಿನಾ ಪೈಪ್‌ಗೆ ಜಾಯಿಂಟ್ ಹಾಕ್ತೀನಿ, ಇದ್ಯಾವ ಮಹಾ?"

ಧೈರ್ಯವೆಲ್ಲ ಬಾಯಲ್ಲೇ. ಅಂದು ಥಿಯೇಟರಿನ ಬಾಗಿಲವರೆಗೂ ನನ್ನ ಕೈ ಬಿಡಲಿಲ್ಲ. ಶೆಡ್ಡಿನಲ್ಲಿ ಹರ್ನಿಯಾ ಎಂದು ಹೇಳಿ ರಜೆ ಹಾಕಿದ್ದರು.

ಮೂರು ತಿಂಗಳಿಗೆ ವೀರ್ಯ ಪರೀಕ್ಷೆ. ರಾಜಗೋಪಾಲನಗರದ ನಮ್ಮ ವಠಾರದಿಂದ ಸೀಸೆಯನ್ನು ರವಿಕೆಯೊಳಗೆ ಬೆಚ್ಚಗಿಟ್ಟುಕೊಂಡು ಆಟೋದಲ್ಲಿ ಓಡಿದೆವು. ಸರ್ಜನ್ ವರದಿ ನೋಡಿ, "ಇವೆ, ಆದ್ರೆ ಎಲ್ಲಾ ಸತ್ತಿವೆ" ಎಂದರು. ನಾನು ಅಲ್ಲೇ ಅತ್ತುಬಿಟ್ಟೆ. ಸರ್ಜನ್ ಯಾಕೋ ಸೀಸೆ ತರಿಸಿ ಮೂಸಿದರು.

"ಏನ್ರೀ ಇದು ವಾಸನೆ?"

"ಚೆನ್ನಾಗಿ ಕ್ಲೀನ್ ಮಾಡಿದ್ದೆ ಸಾರ್. ಸೀಮೆಎಣ್ಣೇಲಿ."

ಲೇತಿನವರಿಗೆ ಕೈಯಿರಲಿ, ಬೇರಿಂಗ್ ಇರಲಿ, ಶುಚಿ ಎಂದರೆ ಸೀಮೆಎಣ್ಣೆಯೇ. ನನಗೆ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಸರ್ಜನ್ ಮಾತ್ರ ನಕ್ಕರು. "ಅಳಬೇಡಿಮ್ಮ. ಸೀಮೆಎಣ್ಣೆಗೆ ಸತ್ತಿದ್ರೂ ಬಂದಿವೆ ಅಂದ್ರೆ ದಾರಿ ತೆಗೆದಿದೆ." ಮುಂದಿನ ವಾರ ಆಸ್ಪತ್ರೆಯದೇ ಸೀಸೆ ಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು, ಗೊದಮೊಟ್ಟೆಗಳ ಹಾಗೆ ಓಡಾಡುತ್ತಿದ್ದವು.

ವರ್ಷದೊಳಗೆ ಬಸಿರಾದೆ. ವ್ಯಾನಿನ ಕಥೆ ಇಡೀ ವಠಾರಕ್ಕೆ ಗೊತ್ತಿತ್ತಲ್ಲ. "ಆಪ್ರೇಷನ್ ಆದೋನ ಹೆಂಡ್ತಿ ಬಸಿರಂತೆ" ಎಂದು ನಲ್ಲಿಯ ಹತ್ತಿರ ಶುರುವಾಯಿತು. ನಾನು ಜಗಳಕ್ಕೆ ಹಿಂಜರಿಯುವವಳಲ್ಲ. ಆದರೆ ಗುಟ್ಟು ಅವರದು, ನಾಲಿಗೆ ಕಚ್ಚಿಕೊಂಡೆ. ಒಬ್ಬಳೇ ಇದ್ದಾಗ ಅಳುತ್ತಿದ್ದೆ.

ಆಯುಧಪೂಜೆಗೆ ಶೆಡ್ಡಿನಲ್ಲಿ ಎಲ್ಲರ ಸಂಸಾರವೂ ಸೇರಿತ್ತು. ಹೆಂಗಸರ ಕಣ್ಣೆಲ್ಲ ನನ್ನ ಹೊಟ್ಟೆಯ ಮೇಲೆ. ಕುಂಬಳಕಾಯಿ ಒಡೆದಾದ ಮೇಲೆ, ನಾಲ್ಕು ಜನರೆದುರು ಬಾಯಿ ಬಿಡದ ನನ್ನ ಗಂಡ ಲೇತಿನ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡರು.

"ನಾನು ಕತ್ತರಿಸ್ಕೊಂಡಿದ್ದು ನಿಮಗೆಲ್ಲಾ ಗೊತ್ತು. ಹೋದ್ವರ್ಷ ಹೋಗಿ ಜೋಡಿಸ್ಕೊಂಡು ಬಂದೆ. ಹರ್ನಿಯಾ ಅಂದಿದ್ದು ಸುಳ್ಳು. ಏನಾದ್ರೂ ಕೇಳೋದಿದ್ರೆ ನನ್ನ ಕೇಳಿ, ಅವಳನ್ನಲ್ಲ."

ನಾನು ಏಳು ತಿಂಗಳ ಹೊಟ್ಟೆ ಹೊತ್ತು ಎಲ್ಲರ ನಡುವೆಯೇ ನಡೆದುಹೋಗಿ ಅವರ ಪಕ್ಕ ನಿಂತೆ. ಅಷ್ಟರಲ್ಲಿ, ಅಂದು ವ್ಯಾನಿನ ಸಾಲಿನಲ್ಲಿ ಇವರ ಹಿಂದೆಯೇ ನಿಂತಿದ್ದ ಪಕ್ಕದ ಮೆಷೀನಿನವನು ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಆ ಡಾಕ್ಟ್ರು ಯಾವ ದಿನ ಸಿಗ್ತಾರೆ ಗುರು?"