ಗೊಂಬೆಯಿಲ್ಲದ ಪಾರ್ಕು

ನಮ್ಮ ಮನೆಯಲ್ಲಿ ಪ್ರತಿ ದಸರೆಗೂ ಒಂದು ಪಾರ್ಕು ತಲೆಯೆತ್ತುತ್ತಿತ್ತು. ಗೊಂಬೆ ಕೂರಿಸುವ ಮೆಟ್ಟಿಲುಗಳ ಬುಡದಲ್ಲಿ, ಅಗಲವಾದ ತಗಡಿನ ತಟ್ಟೆಯಲ್ಲಿ. ಹುಲ್ಲಿಗೆ ರಾಗಿಯ ಮೊಳಕೆ, ಕೆರೆಗೆ ಒಡೆದ ಕನ್ನಡಿ, ಬೆಂಚಿಗೆ ಬೆಂಕಿಪೊಟ್ಟಣ, ಬೇಲಿಗೆ ಐಸ್‌ಕ್ರೀಂ ಕಡ್ಡಿ. ನಿರ್ಮಾತೃ ನನ್ನ ಹೆಂಡತಿ. ಮೈಸೂರಿನವಳು. ಮದುವೆಯಾಗಿ ನಮ್ಮೂರು ಕೋಗಿಲಿಗೆ ಬರುವಾಗ ತವರಿನಿಂದ ಪಟ್ಟದ ಗೊಂಬೆಗಳ ಜೋಡಿಯನ್ನು ತಂದಿದ್ದಳು. ಮರದ ರಾಜರಾಣಿಯರಿಗೆ ಬಟ್ಟೆ ಉಡಿಸಿ ಆರತಿ ಎತ್ತುವುದನ್ನು ನಮ್ಮ ಒಕ್ಕಲು ಮನೆಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದ್ದರು. ಅಲ್ಲಿಯವರೆಗೆ ನಮ್ಮಲ್ಲಿ ಆ ಮರ್ಯಾದೆ ಎತ್ತುಗಳಿಗೆ ಮಾತ್ರ ಸಲ್ಲುತ್ತಿತ್ತು.

ನಮಗೆ ಮಕ್ಕಳಾಗಲಿಲ್ಲ. ಪಾರ್ಕು ಕಟ್ಟಲು ಬೀದಿಯ ಮಕ್ಕಳು ಬರುತ್ತಿದ್ದರು. ಹೊಲ ಲೇಔಟಾಗಿ, ಮನೆಗೆ ಮಹಡಿಗಳೆದ್ದ ಮೇಲೆ ಬಾಡಿಗೆಯವರ ಮಕ್ಕಳು ಬಂದರು. ಈಚಿನ ವರ್ಷಗಳಲ್ಲಿ ಉಳಿದವಳು ಮೇಲಿನ ಮನೆಯ ಹುಡುಗಿ ಒಬ್ಬಳೇ, ಈಗ ಎರಡನೇ ಕ್ಲಾಸು. ಈ ಮಹಾಕಾರ್ಯದಲ್ಲಿ ನನಗಿದ್ದ ಹೊಣೆ ಎರಡು: ಅಟ್ಟದಿಂದ ಪೆಟ್ಟಿಗೆ ಇಳಿಸುವುದು, ಆಮೇಲೆ ಅಡ್ಡ ಬರದೆ ಇರುವುದು. ಎರಡನ್ನೂ ಲೋಪವಿಲ್ಲದೆ ನಿರ್ವಹಿಸಿದ್ದೇನೆ.

ಈ ಬೇಸಿಗೆಯಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಹುಡುಗಿ ಬರುವುದು ನಿಂತಿತು. ಅವಳು ಬರುತ್ತಿದ್ದದ್ದು ಅಜ್ಜಿಯ ಹತ್ತಿರ. ತಾತ ಅನ್ನುವವನು ಅಜ್ಜಿಯ ಜೊತೆ ಸಿಗುತ್ತಿದ್ದ ಒಂದು ಪೀಠೋಪಕರಣ. ನಾನು ಕುರ್ಚಿಯನ್ನು ಬಾಗಿಲ ಬಳಿಗೆ ಎಳೆದುಕೊಂಡೆ. ಕೇಳಿದವರಿಗೆ ಗಾಳಿಗೆ ಅಂದೆ. ಅಲ್ಲಿಂದ ಮೆಟ್ಟಿಲು ಚೆನ್ನಾಗಿ ಕಾಣುತ್ತದೆ. ಸಂಜೆ ಸ್ಕೂಲ್ ಬ್ಯಾಗು ಮೊದಲು ಬರುತ್ತಿತ್ತು, ಅದರ ಹಿಂದೆ ಅವಳು. "ಹಾಯ್ ತಾತ," ಅನ್ನುವಷ್ಟರಲ್ಲಿ ಮೇಲಿನ ಬಾಗಿಲು ಹಾಕಿದ ಸದ್ದು.

ದಸರೆ ಹತ್ತಿರವಾದಾಗ ಒಂದು ಸಂಜೆ ಬಾಗಿಲಲ್ಲಿ ನಿಂತಳು.

"ತಾತ, ಈ ಸಲ ಪಾರ್ಕ್ ಇಲ್ವಾ?"

ಎದುರು ಮನೆಯ ನಮ್ಮಕ್ಕ ಆಗ ನನಗೆ ಸಾರು ತಂದು ಒಳಗಿದ್ದಳು. ನನಗಿಂತ ಮೊದಲು ಅವಳೇ ತೀರ್ಪು ಕೊಟ್ಟಳು. "ಸಾವಾದ್ ಮನೇಲಿ ವರ್ಸ ತುಂಬಗಂಟ ಗೊಂಬೆ ಇಡಂಗಿಲ್ಲ ಕಣವ್ವಾ."

ನಾನು ಶಾಸ್ತ್ರಾರ್ಥಕ್ಕೆ ಇಳಿದೆ. "ಗೊಂಬೆ ಇಡಬಾರ್ದು, ಸರಿ. ಪಾರ್ಕು ಮಾಡಬಾರ್ದು ಅಂತ ಯಾರ್ ಹೇಳವ್ರೆ?"

"ನಿನ್ ತಲೆ ನೆಟ್ಟಗೈತಾ? ಗೊಂಬೆ ಇಲ್ದೆ ಪಾರ್ಕು ಯಾರಿಗ್ಲಾ?"

"ಈ ಹುಡುಗಿಗೆ."

ಅಕ್ಕ ನನ್ನನ್ನೂ ಅವಳನ್ನೂ ನೋಡಿದಳು. "ಏನಾರ ಮಾಡ್ಕೊ. ಆ ಪಟ್ಟದ ಗೊಂಬೆ ಮಾತ್ರ ಈಚೆಗ್ ತೆಗೀಬ್ಯಾಡ."

ಈ ಅಪ್ಪಣೆ ನನಗೂ ಅನುಕೂಲವಾಗಿಯೇ ಇತ್ತು. ಆ ಪೆಟ್ಟಿಗೆಯನ್ನು ಇಳಿಸುವ ಧೈರ್ಯ ನನಗಿರಲಿಲ್ಲ. ತಟ್ಟೆ, ಕನ್ನಡಿ ಎಲ್ಲ ಅದರೊಳಗೇ ಇದ್ದವು. ಹಾಗಾಗಿ ಎಲ್ಲವನ್ನೂ ಹೊಸದಾಗಿ ತಂದೆ. ತಟ್ಟೆಯ ಬದಲು ಪ್ಲಾಸ್ಟಿಕ್ ಟ್ರೇ. ತಲೆತಲಾಂತರದಿಂದ ಉತ್ತ ಮನೆತನದವನು ನರ್ಸರಿಯಿಂದ ಮಣ್ಣಿನ ಪ್ಯಾಕೆಟ್ಟು ಎತ್ತಿಕೊಂಡು ಬಂದೆ. ರಾಗಿಗೆ ಹೋದಾಗ ಅಂಗಡಿಯಲ್ಲಿ 'ಮೊಳಕೆ ರಾಗಿ' ಅನ್ನುವ ಪ್ಯಾಕೆಟ್ಟು ಕಂಡಿತು. ಮೊಳೆಯುವ ಅರ್ಧ ಕೆಲಸ ಆಗಲೇ ಆಗಿದೆ, ನಮ್ಮ ಪಾರ್ಕು ಬೇಗ ಹಸಿರಾಗುತ್ತದೆ ಎಂದು ಲೆಕ್ಕ ಹಾಕಿ ಅದನ್ನೇ ತಂದೆ.

ಹುಡುಗಿ ದಿನಾ ಬಂದಳು. ಐಸ್‌ಕ್ರೀಂ ಕಡ್ಡಿಗೆ ಬಣ್ಣ ಬಳಿದಳು, ನನ್ನ ಪಂಚೆಗೂ ಒಂದಿಷ್ಟು. ಶೂ ಡಬ್ಬದಲ್ಲಿ ಟಿಕೆಟ್ ಕೌಂಟರ್ ಮಾಡಿ ನನ್ನನ್ನು ವಾಚ್‌ಮನ್ ಆಗಿ ನೇಮಿಸಿದಳು. ಆದೇಶ ಮೌಖಿಕ. ಎಲ್ಲ ಸಿದ್ಧವಾಯಿತು, ಹುಲ್ಲೊಂದು ಬಿಟ್ಟು. ದಿನಾ ಒದ್ದೆ ಬಟ್ಟೆ ಸರಿಸಿ ಇಬ್ಬರೂ ಬಗ್ಗಿ ನೋಡುತ್ತಿದ್ದೆವು. ಕೊನೆಗೆ ಮಣ್ಣು ಹುಳಿ ವಾಸನೆ ಹೊಡೆಯತೊಡಗಿತು.

ಅಕ್ಕ ಬಂದು ಪ್ಯಾಕೆಟ್ಟಿನ ರಾಗಿ ಬಾಯಿಗೆ ಹಾಕಿಕೊಂಡು ಕಡಿದಳು. "ಉರಿದವ್ರೆ ಕಣ್ಲಾ ಇದ್ನ! ಮಾಲ್ಟ್ ಮಾಡಕ್ಕೆ ಮೊಳಕೆ ಕಟ್ಸಿ, ಒಣಗ್ಸಿ, ಉರಿದವ್ರೆ. ಉರಿದ್ ರಾಗಿ ಬಿತ್ತಿದ್ಯಲ್ಲೋ! ಅಪ್ಪ ಇದ್ದಿದ್ರೆ ಬಾರ್‌ಕೋಲ್ ತಗೊಂಡ್ ಬತ್ತಿದ್ದ."

ಹುಡುಗಿ ಕೇಳಿದಳು, "ನೀವು ಫಾರ್ಮರ್ ಅಂದಿದ್ರಿ?"

ನಾನು ಒದ್ದೆ ಬಟ್ಟೆಯನ್ನು ಮತ್ತೆ ಟ್ರೇಯ ಮೇಲೆ ಎಳೆದೆ. ಮಾರನೆಯ ದಿನ ರಜೆಗೆ ಅಮ್ಮನ ಜೊತೆ ಹಾಸನಕ್ಕೆ ಹೊರಡುತ್ತಿದ್ದವಳು ಮೆಟ್ಟಿಲ ಮೇಲೆ ನಿಂತು ಷರತ್ತು ಹಾಕಿದಳು. "ನಾನ್ ಬರೋಷ್ಟರಲ್ಲಿ ಹುಲ್ಲು ಬಂದಿರ್ಬೇಕು. ಇಲ್ಲಾಂದ್ರೆ ನನ್ ಫ್ರೆಂಡ್ ಮನೆ ಬಾಲ್ಕನೀಲಿ ಪ್ಲಾಸ್ಟಿಕ್ ಹುಲ್ಲಿದೆ. ಇನ್ಮೇಲೆ ಅಲ್ಲೇ ಆಡ್ಕೊತೀನಿ."

ಆಟೋ ಹೋಯಿತು. ಮನೆಯಲ್ಲಿ ಫ್ರಿಜ್ಜು ಗುಂಯ್‌ಗುಡುವುದು ಕೇಳಿಸುತ್ತಿತ್ತು. ಅದು ಹಿಂದೆಯೂ ಗುಂಯ್‌ಗುಡುತ್ತಿದ್ದಿರಬೇಕು, ನಾನು ಗಮನಿಸಿರಲಿಲ್ಲ.

ಅವತ್ತೇ ಮಧ್ಯಾಹ್ನ ಅಟ್ಟಕ್ಕೆ ಏಣಿ ಹಾಕಿದೆ. ಪೆಟ್ಟಿಗೆಯಲ್ಲಿ ರಾಜರಾಣಿ ನನ್ನದೇ ಹಳೆಯ ಪಂಚೆ ಹೊದ್ದು ಮಲಗಿದ್ದರು. ಅಕ್ಕನ ಮಾತಿಗೆ ಬೆಲೆ ಕೊಟ್ಟು ಅವರನ್ನು ಎಬ್ಬಿಸಲಿಲ್ಲ. ಕಾಲ ಬಳಿ ಹಳೆಯ ಬಿಸ್ಕತ್ತಿನ ಡಬ್ಬ. ಮುಚ್ಚಳ ತೆಗೆದರೆ ಒಣಗಿದ ಬೇವಿನ ಸೊಪ್ಪು, ಅದರಡಿ ರಾಗಿ. ನಮ್ಮವ್ವ ಬಿತ್ತನೆ ರಾಗಿಯನ್ನು ಎತ್ತಿಡುತ್ತಿದ್ದದ್ದು ಹಾಗೆಯೇ. ಮೈಸೂರಿನ ಹುಡುಗಿ ಅತ್ತೆಯಿಂದ ಅದನ್ನು ಯಾವಾಗ ಕಲಿತಳೋ, ಪ್ರತಿ ವರ್ಷ ಆ ರಾಗಿಯನ್ನು ಎಲ್ಲಿಂದ ತರುತ್ತಿದ್ದಳೋ, ನಾನು ಕೇಳಿರಲಿಲ್ಲ. ಈಗ ಕೇಳಬೇಕೆನಿಸಿತು. ಕೇಳೋಣವೆಂದು ಏಣಿಯ ಮೇಲಿಂದ ಅಡುಗೆಮನೆಯ ಕಡೆ ತಿರುಗಿಯೂ ಬಿಟ್ಟಿದ್ದೆ.

ಒಂದು ಹಿಡಿ ಡಬ್ಬದಲ್ಲೇ ಉಳಿಸಿ ಮಿಕ್ಕದ್ದನ್ನು ಅವಳ ತಗಡಿನ ತಟ್ಟೆಯಲ್ಲಿ ಚೆಲ್ಲಿದೆ. ಮಣ್ಣನ್ನು ಈ ಸಲ ಅಕ್ಕನ ಹಿತ್ತಿಲಿನಿಂದ ತಂದಿದ್ದೆ. ಟ್ರೇಯಲ್ಲಿದ್ದ ಬೇಲಿ, ಬೆಂಚು, ಕೆರೆಯನ್ನೂ ಅದಕ್ಕೇ ಸ್ಥಳಾಂತರಿಸಿದೆ. ಮೂರನೆಯ ಬೆಳಿಗ್ಗೆ ಬಟ್ಟೆ ಸರಿಸಿದಾಗ ಬಿಳಿಯ ಮೊನೆಗಳು. ತೋರಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ಹುಲ್ಲಿಗೇ, "ಬಂದ್ಯಾ?" ಅಂದೆ.

ಹಬ್ಬದ ದಿನಗಳಲ್ಲಿ ಬೇರೆ ಮನೆಗಳಿಂದ ಹಾಡು ಕೇಳಿಸುತ್ತಿತ್ತು. ವಾಚ್‌ಮನ್ ತನ್ನ ಪಾಳಿಯಲ್ಲಿದ್ದ. ಸಂದರ್ಶಕರು ಶೂನ್ಯ. ಕೆರೆಯಲ್ಲಿ ಫ್ಯಾನು ತಿರುಗುವುದು ಕಾಣುತ್ತಿತ್ತು. ನನ್ನ ಹೆಂಡತಿ ಇದ್ದಾಗ ಹುಲ್ಲನ್ನು ಕತ್ತರಿಯಿಂದ ಸಮ ಮಾಡುತ್ತಿದ್ದಳು. ನನಗೆ ಕತ್ತರಿಸಲು ಮನಸ್ಸು ಬರಲಿಲ್ಲ. ಹುಲ್ಲು ಬೆಂಚನ್ನು ಮುಚ್ಚಿತು, ಬೇಲಿ ದಾಟಿತು.

ರಜೆ ಮುಗಿಸಿ ಬಂದವಳು ಚಪ್ಪಲಿ ಸಮೇತ ಒಳಗೆ ನುಗ್ಗಿದಳು. ಸೊಂಟದ ಮೇಲೆ ಕೈಯಿಟ್ಟು ಪರಿಶೀಲಿಸಿದಳು.

"ತಾತ, ಇದು ಪಾರ್ಕಲ್ಲ. ಹೊಲ."

"ಹೌದಾ?"

"ಹೂಂ. ಕಟ್ ಮಾಡ್ಬೇಕು. ಕತ್ರಿ ಇದ್ಯಾ?"

ಕತ್ತರಿ ನನ್ನ ಬೆನ್ನ ಹಿಂದಿನ ಕಿಟಕಿಯ ಮೇಲೇ ಇತ್ತು. ಮೇಲಿನಿಂದ ಅವಳ ಅಮ್ಮ ಊಟಕ್ಕೆ ಕೂಗುತ್ತಿದ್ದರು.

"ಇಲ್ವಲ್ಲವ್ವಾ," ಅಂದೆ.

"ಸರಿ, ನಾಳೆ ನಂದು ತರ್ತೀನಿ. ಎಲ್ಲಾ ಒಂದೇ ದಿನಕ್ಕೆ ಆಗಲ್ಲ, ತುಂಬಾ ಇದೆ," ಅಂದು ಮೆಟ್ಟಿಲು ಹತ್ತಿದಳು.

ಮೇಲಿನ ಬಾಗಿಲು ಹಾಕಿದ ಮೇಲೆ ಎದ್ದು ಕತ್ತರಿಯನ್ನು ಡ್ರಾಯರಿನಲ್ಲಿ ಅಡಗಿಸಿಟ್ಟೆ. ತಟ್ಟೆಗೆ ನೀರು ಚಿಮುಕಿಸಿದೆ, ಎಂದಿಗಿಂತ ಸ್ವಲ್ಪ ಹೆಚ್ಚಾಗಿಯೇ.